ಮುಚ್ಚಿದ ಉಂಗುರ, ತೆರೆದ ಉಂಗುರ: ಕ್ಯಾಂಪ್ಟೊಥೆಸಿನ್ ಕುರಿತು ಒಂದು ಟಿಪ್ಪಣಿ

ಕ್ಯಾಂಪ್ಟೊಥೆಸಿನ್ ಎಂಬ ಸಸ್ಯಮೂಲದ ಕ್ಯಾನ್ಸರ್ ಔಷಧದ ಕಥೆ ಬರೆಯುವವರು ಸಾಮಾನ್ಯವಾಗಿ ಒಂದು ವಾಕ್ಯವನ್ನು ಬಿಡುವುದಿಲ್ಲ: 1970ರ ದಶಕದ ಮೊದಲಲ್ಲಿ ಅದನ್ನು ರೋಗಿಗಳಿಗೆ ಕೊಟ್ಟು ನೋಡಿದರು, ಅದು ಸೋತಿತು, ಹದಿಮೂರು ವರ್ಷ ಮೂಲೆ ಸೇರಿತು, 1985ರಲ್ಲಿ ಅದರ ಗುರಿ ಪತ್ತೆಯಾದ ಮೇಲೆ ಮತ್ತೆ ಎದ್ದು ಬಂತು. ಓದಲು ಸೊಗಸಾದ ಕಥೆ. ಆದರೆ ಇದರಲ್ಲಿ ಮತ್ತೆ ಮತ್ತೆ ಬರುವ 'ಅದು' ಎಂಬ ಸರ್ವನಾಮ ಯಾವುದನ್ನು ಹೇಳುತ್ತಿದೆ ಎಂದು ಕೇಳಿಕೊಂಡ ಕೂಡಲೇ ಕಥೆ ತೊಡಕಾಗುತ್ತದೆ. ಇಲಿಗಳ ಆಯುಸ್ಸು ಹೆಚ್ಚಿಸಿದ 'ಅದು', ರೋಗಿಗಳ ರಕ್ತನಾಳಕ್ಕೆ ಹೋದ 'ಅದು', ಇವತ್ತು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ 'ಅದು' ಮೂರೂ ಒಂದೇ ವಸ್ತುವಲ್ಲ. ಈ ಟಿಪ್ಪಣಿ ಆ ಸರ್ವನಾಮದ ಬೆನ್ನು ಹತ್ತುವ ಪ್ರಯತ್ನ.

ಮೊದಲು ಮರ. ಕ್ಯಾಂಪ್ಟೊಥೆಕಾ ಅಕ್ಯುಮಿನೇಟಾ ಚೀನಾದ ದಕ್ಷಿಣ ಭಾಗದ್ದು. ಅಲ್ಲಿನವರು ಇದನ್ನು 'ಶೀ ಶು', ಎಂದರೆ ಸಂತಸದ ಮರ, ಎನ್ನುತ್ತಾರೆ. ಅಮೆರಿಕದ ಕೃಷಿ ಇಲಾಖೆ ಇದನ್ನು ತರಿಸಿ ಕ್ಯಾಲಿಫೋರ್ನಿಯಾದ ಚೀಕೋದಲ್ಲಿದ್ದ ತನ್ನ ತೋಟದಲ್ಲಿ ಬೆಳೆಸಿತ್ತು. 1950ರ ದಶಕದಲ್ಲಿ ಅದೇ ಇಲಾಖೆಯ ಪ್ರಯೋಗಾಲಯದಲ್ಲಿದ್ದ ಮನ್ರೋ ವಾಲ್ ಹುಡುಕುತ್ತಿದ್ದದ್ದು ಕ್ಯಾನ್ಸರಿಗೆ ಮದ್ದನ್ನಲ್ಲ, ಕಾರ್ಟಿಸೋನ್ ತಯಾರಿಸಲು ಒದಗಬಲ್ಲ ಸ್ಟೀರಾಯ್ಡ್‌ಗಳನ್ನು. ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಜೊನಾಥನ್ ಹಾರ್ಟ್‌ವೆಲ್ ಕೇಳಿದರೆಂದು ತಮ್ಮ ಕಪಾಟಿನಲ್ಲಿದ್ದ ಸುಮಾರು ಸಾವಿರ ಸಸ್ಯಸಾರಗಳನ್ನು ಪರೀಕ್ಷೆಗೆ ಕಳಿಸಿಕೊಟ್ಟರು. ಇಲಿಯ ಗಡ್ಡೆಯ ಮೇಲೆ ಎದ್ದು ಕಾಣುವಂತೆ ಕೆಲಸ ಮಾಡಿದ್ದು ಶೀ ಶುವಿನ ಸಾರ. ವಾಲ್ ಅದರ ಬೆನ್ನು ಹತ್ತಲು ಬಯಸಿದರು. ಆದರೆ ಕ್ಯಾನ್ಸರ್ ಕೃಷಿ ಇಲಾಖೆಯ ಕೆಲಸವಾಗಿರಲಿಲ್ಲ. 1960ರಲ್ಲಿ ಅವರು ನಾರ್ತ್ ಕೆರೊಲಿನಾದ ರಿಸರ್ಚ್ ಟ್ರಯಾಂಗಲ್ ಇನ್‌ಸ್ಟಿಟ್ಯೂಟ್‌ಗೆ ಹೋದ ಮೇಲೆಯೇ ಕೆಲಸ ಕೈಗೂಡಿದ್ದು. 1962ರಲ್ಲಿ ಮನ್ಸುಖ್ ವಾಣಿ ಅವರ ಜೊತೆ ಸೇರಿದರು. ವಾಣಿ ಹುಟ್ಟಿದ್ದು ಮಹಾರಾಷ್ಟ್ರದ ನಂದುರ್ಬಾರ್‌ನಲ್ಲಿ. ಮುಂಬಯಿಯಲ್ಲಿ ಓದಿ, ಇಂಡಿಯಾನಾದಲ್ಲಿ ಡಾಕ್ಟರೇಟ್ ಪಡೆದವರು. (ಇದೇ ಜೋಡಿ 1971ರಲ್ಲಿ ಟ್ಯಾಕ್ಸಾಲ್‌ನ ರಚನೆಯನ್ನೂ ಪ್ರಕಟಿಸಿತು. ಒಂದೇ ಪ್ರಯೋಗಾಲಯದಿಂದ ಅಷ್ಟು ದೊಡ್ಡ ಎರಡು ಔಷಧಗಳು ಬಂದದ್ದು ಅಪರೂಪ.)

ಅವರ ವಿಧಾನ ಸರಳ, ಆದರೆ ತಾಳ್ಮೆ ಬೇಡುವಂಥದ್ದು. ಸುಮಾರು ಇಪ್ಪತ್ತು ಕಿಲೋ ಮರ ಮತ್ತು ತೊಗಟೆಯ ಸಾರವನ್ನು ಒಂದು ದ್ರಾವಕದಿಂದ ಇನ್ನೊಂದಕ್ಕೆ ಬಸಿಯುವುದು. ಬಸಿದ ಪ್ರತಿ ಪಾಲನ್ನೂ ಎಲ್-1210 ಎಂಬ ರಕ್ತಕ್ಯಾನ್ಸರ್ ತಗುಲಿಸಿದ ಇಲಿಗಳಿಗೆ ಕೊಡುವುದು. ಯಾವ ಪಾಲು ಇಲಿಗಳನ್ನು ಹೆಚ್ಚು ದಿನ ಬದುಕಿಸುತ್ತದೋ ಅದನ್ನು ಇಟ್ಟುಕೊಂಡು ಉಳಿದದ್ದನ್ನು ಬದಿಗಿಡುವುದು. ಹೀಗೆ ಜಾಡು ಹಿಡಿದು ಹೋದಾಗ ಕೊನೆಗೆ ದಕ್ಕಿದ್ದು ತಿಳಿಹಳದಿ ಹರಳು. 1966ರಲ್ಲಿ ಪ್ರಕಟವಾದ ಅದರ ರಚನೆಯಲ್ಲಿ ಐದು ಉಂಗುರಗಳಿದ್ದವು. ಮೊದಲ ನಾಲ್ಕು ಗಟ್ಟಿಮುಟ್ಟು, ಚಪ್ಪಟೆ. ಐದನೆಯದು ಲ್ಯಾಕ್ಟೋನ್ ಎಂಬ ಜಾತಿಯ ಉಂಗುರ: ಕೊಂಡಿಯಿರುವ ಬಳೆಯ ಹಾಗೆ ತೆರೆಯಲೂಬಹುದು, ಮುಚ್ಚಲೂಬಹುದು. ಕ್ಷಾರದಲ್ಲಿ ತೆರೆದುಕೊಳ್ಳುತ್ತದೆ, ಆಮ್ಲದಲ್ಲಿ ಮುಚ್ಚಿಕೊಳ್ಳುತ್ತದೆ. ಮುಂದಿನ ಐವತ್ತು ವರ್ಷದ ಚರಿತ್ರೆ ಈ ಒಂದು ಕೊಂಡಿಯ ಸುತ್ತ ತಿರುಗಿದೆ ಎಂದರೆ ಹೆಚ್ಚಾಗದು.

ಹರಳಿಗೆ ಒಂದು ದೊಡ್ಡ ದೋಷವಿತ್ತು, ನೀರಿನಲ್ಲಿ ಕರಗುತ್ತಿರಲಿಲ್ಲ. ಕರಗದ್ದನ್ನು ರಕ್ತನಾಳಕ್ಕೆ ಕೊಡುವುದು ಹೇಗೆ? ಸೋಡಿಯಂ ಹೈಡ್ರಾಕ್ಸೈಡ್ ಜೊತೆ ಸೇರಿಸಿದರೆ ಐದನೆಯ ಉಂಗುರ ತೆರೆದು ಸೋಡಿಯಂ ಲವಣವಾಗುತ್ತದೆ, ಲವಣ ಸಲೀಸಾಗಿ ಕರಗುತ್ತದೆ. ಹಾಗೆಯೇ ಮಾಡಿದರು. ಇಲ್ಲಿ ದಾಖಲೆಯ ಒಂದು ವಿವರ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕ್ಯಾನ್ಸರ್ ಸಂಸ್ಥೆಯ ಪರೀಕ್ಷೆಗೆ ಬರುವ ಪ್ರತಿ ವಸ್ತುವಿಗೂ ಎನ್‌ಎಸ್‌ಸಿ ಎಂಬ ಕ್ರಮಸಂಖ್ಯೆ ಕೊಡುತ್ತಾರೆ. ಮೂಲ ಕ್ಯಾಂಪ್ಟೊಥೆಸಿನ್‌ನ ಸಂಖ್ಯೆ 94600. ಅದರ ಸೋಡಿಯಂ ಲವಣದ್ದು 100880. ಅಂದರೆ ದಫ್ತರಿನಲ್ಲಿ ಇವು ಎರಡು ಬೇರೆ ವಸ್ತುಗಳಾಗಿಯೇ ದಾಖಲಾಗಿದ್ದವು. 1970ರಲ್ಲಿ ಗಾಟ್ಲೀಬ್ ಮತ್ತು ಸಂಗಡಿಗರು ಮನುಷ್ಯರ ಮೇಲಿನ ಮೊದಲ ವರದಿ ಬರೆದಾಗ ಶೀರ್ಷಿಕೆಯಲ್ಲಿ 'ಕ್ಯಾಂಪ್ಟೊಥೆಸಿನ್ ಸೋಡಿಯಂ' ಎಂದು ಪೂರ್ತಿಯಾಗಿ ಬರೆದರು. 1972ರ ಹೊತ್ತಿಗೆ ಬಂದ ವರದಿಗಳಲ್ಲಿ, ಜಠರ-ಕರುಳಿನ ಕ್ಯಾನ್ಸರಿನ ಮೇಲೆ ಮೋರ್ಟೆಲ್ ಬರೆದದ್ದಿರಲಿ, ಮೆಲನೋಮಾದ ಮೇಲೆ ಗಾಟ್ಲೀಬ್ ಅವರೇ ಬರೆದದ್ದಿರಲಿ, 'ಸೋಡಿಯಂ' ಎಂಬ ಪದ ಶೀರ್ಷಿಕೆಯಿಂದ ಉದುರಿ ಬರೀ 'ಕ್ಯಾಂಪ್ಟೊಥೆಸಿನ್' ಉಳಿದಿದೆ. ಪಕ್ಕದಲ್ಲಿನ ಸಂಖ್ಯೆ ಮಾತ್ರ 100880. ಪದ ಮರೆತಿತು, ಅಂಕಿ ಮರೆಯಲಿಲ್ಲ. ಎರಡು ವರ್ಷದಲ್ಲಿ ನಡೆದ ಈ ಸಣ್ಣ ಲೋಪವೇ ಮುಂದೆ 'ಕ್ಯಾಂಪ್ಟೊಥೆಸಿನ್ ಸೋತಿತು' ಎಂಬ ವಾಕ್ಯಕ್ಕೆ ದಾರಿಯಾಯಿತು ಎಂಬುದು ನನ್ನ ಊಹೆ. ಊಹೆಯೆಂದೇ ಓದುಗರು ತೆಗೆದುಕೊಳ್ಳಬೇಕು.

ಸೋಲಂತೂ ನಿಜ. ಮೊದಲ ಹಂತದಲ್ಲಿ, ಅಂದರೆ ಎಷ್ಟು ಪ್ರಮಾಣವನ್ನು ಮೈ ತಡೆದುಕೊಳ್ಳುತ್ತದೆ ಎಂದು ನೋಡುವ ಹಂತದಲ್ಲಿ, ಕೆಲವರ ಗಡ್ಡೆ ಕುಗ್ಗಿ ಆಸೆ ಹುಟ್ಟಿತ್ತು. ಆದರೆ ಮೇಯೊ ಕ್ಲಿನಿಕ್‌ನಲ್ಲಿ ಮೋರ್ಟೆಲ್ ತಂಡ ಎರಡನೆಯ ಹಂತದಲ್ಲಿ 61 ರೋಗಿಗಳಿಗೆ ಕೊಟ್ಟಾಗ ಇಬ್ಬರಲ್ಲಿ ಮಾತ್ರ, ಅದೂ ಭಾಗಶಃ, ಗುಣ ಕಂಡಿತು. ಬದಲಿಗೆ ಕಂಡದ್ದು ಅಸ್ಥಿಮಜ್ಜೆ ಕುಂದಿ ಬಿಳಿಯ ರಕ್ತಕಣಗಳು ಇಳಿದದ್ದು, ಭೇದಿ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಮೂತ್ರಕೋಶದ ರಕ್ತಸ್ರಾವ. ಈ ಕೊನೆಯ ತೊಂದರೆಗೆ ಆಮೇಲೆ ದೊರೆತ ವಿವರಣೆ ಕೊಂಡಿಯದೇ. ರಕ್ತದಲ್ಲಿ ತೆರೆದೇ ಸಾಗಿದ ಉಂಗುರ ಮೂತ್ರಪಿಂಡ ದಾಟಿ ಆಮ್ಲಗುಣದ ಮೂತ್ರಕ್ಕೆ ಬಂದ ಮೇಲೆ ಮುಚ್ಚಿಕೊಂಡಿತು. ಗಡ್ಡೆಯಿದ್ದಲ್ಲಿ ಮದ್ದಾಗದೆ ಹರಿದು ಬಂದದ್ದು ಮೂತ್ರಕೋಶದಲ್ಲಿ ನಿಂತು ನಿಜವಾದ ಕ್ಯಾಂಪ್ಟೊಥೆಸಿನ್ ಆಯಿತು. ಪ್ರಯೋಗವನ್ನು ಕೈಬಿಟ್ಟರು. ಕೈಬಿಟ್ಟದ್ದು ಸರಿಯಾದ ತೀರ್ಮಾನವೇ. ರೋಗಿ ಮಲಗಿರುವಾಗ ರಸಾಯನಶಾಸ್ತ್ರದ ಸಂಶಯಕ್ಕೆ ಕಾಯುವುದು ವೈದ್ಯರ ಕೆಲಸವಲ್ಲ.

ಉಂಗುರ ತೆರೆದರೆ ಶಕ್ತಿ ಹೋಗುತ್ತದೆ ಎಂದು ಗೊತ್ತಿದ್ದೂ ಲವಣ ಕೊಟ್ಟರಲ್ಲ, ಎಂಥ ಅವಿವೇಕ ಎಂದು ಈಗ ಬರೆಯುವವರಿದ್ದಾರೆ. ಈ ಆಕ್ಷೇಪ ನನಗೆ ಒಪ್ಪಿಗೆಯಿಲ್ಲ. ಲವಣದ ಬಲ ಮೂಲದ್ದರ ಸುಮಾರು ಹತ್ತನೇ ಒಂದು ಭಾಗ ಮಾತ್ರ ಎಂಬುದು ಸ್ಪಷ್ಟವಾದದ್ದು ಪ್ರಯೋಗಗಳು ಮುಗಿದು ಬಹುಕಾಲದ ಮೇಲೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ದೇಹದಲ್ಲಿ ಉಂಗುರ ತೆರೆಯುವುದೂ ಮುಚ್ಚುವುದೂ ತಕ್ಕಡಿಯ ಎರಡು ತಟ್ಟೆಯ ಹಾಗೆ. ರಕ್ತದ ಕ್ಷಾರಮಟ್ಟದಲ್ಲಿ ಮುಚ್ಚಿದ ಉಂಗುರವನ್ನೇ ಬಿಟ್ಟರೂ ಅರ್ಧ ಗಂಟೆಯೊಳಗೆ ಅರ್ಧದಷ್ಟು ತೆರೆದುಕೊಳ್ಳುತ್ತದೆ. 1990ರ ದಶಕದಲ್ಲಿ ಥಾಮಸ್ ಬರ್ಕ್ ಮತ್ತು ಸಂಗಡಿಗರು ತೋರಿಸಿದ್ದೇನೆಂದರೆ, ಮನುಷ್ಯನ ರಕ್ತದಲ್ಲಿನ ಆಲ್ಬುಮಿನ್ ಎಂಬ ಪ್ರೋಟೀನು ತೆರೆದ ಉಂಗುರವನ್ನು ಕಂಡರೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಮತ್ತೆ ಮುಚ್ಚಲು ಬಿಡುವುದಿಲ್ಲ. ಒಂದು ತಟ್ಟೆಯಿಂದ ತೂಕ ತೆಗೆಯುತ್ತಲೇ ಇದ್ದ ಹಾಗೆ. ಕೊನೆಗೆ ಮನುಷ್ಯನ ಪ್ಲಾಸ್ಮಾದಲ್ಲಿ ಕ್ಯಾಂಪ್ಟೊಥೆಸಿನ್‌ನ ಮುಚ್ಚಿದ ರೂಪ ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಉಳಿಯುತ್ತದೆ. ಇಲಿಯ ಆಲ್ಬುಮಿನ್‌ಗೆ ಈ ಹಿಡಿತವಿಲ್ಲ; ಅದರ ರಕ್ತದಲ್ಲಿ ಮುಚ್ಚಿದ ಉಂಗುರ ಎಷ್ಟೋ ಹೆಚ್ಚು ಉಳಿಯುತ್ತದೆ. ಹಾಗಾಗಿ 1966ರ ಇಲಿಯೂ ಸುಳ್ಳು ಹೇಳಲಿಲ್ಲ, 1972ರ ರೋಗಿಯೂ ಸುಳ್ಳು ಹೇಳಲಿಲ್ಲ. ಇಬ್ಬರಿಗೂ ಸಿಕ್ಕಿದ್ದು ಬೇರೆ ಬೇರೆ ವಸ್ತು. ಸಿಕ್ಕಿದ ಮೇಲೆ ಇಬ್ಬರ ರಕ್ತವೂ ಅದನ್ನು ಬೇರೆ ಬೇರೆ ಮಾಡಿತು.

ಮುಂದಿನ ಘಟ್ಟ 1985ರದ್ದು. ಅದಕ್ಕೆ ಮುನ್ನ ಒಂದು ತಿದ್ದುಪಡಿ: ಹದಿಮೂರು ವರ್ಷ ಯಾರೂ ಇದರತ್ತ ತಿರುಗಿ ನೋಡಲಿಲ್ಲ ಎಂಬ ಮಾತು ಪೂರ್ತಿ ಸರಿಯಲ್ಲ. ಸೂಸನ್ ಹಾರ್ವಿಟ್ಜ್ 1971ರಿಂದಲೇ ಇದು ಜೀವಕೋಶದ ನ್ಯೂಕ್ಲಿಯಿಕ್ ಆಮ್ಲಗಳ ತಯಾರಿಯನ್ನು ತಡೆಯುತ್ತದೆಂದು ತೋರಿಸಿದ್ದರು. ಡಿಎನ್‌ಎ ತುಂಡಾಗುತ್ತದೆ, ಮದ್ದನ್ನು ತೊಳೆದು ತೆಗೆದರೆ ಮತ್ತೆ ಕೂಡಿಕೊಳ್ಳುತ್ತದೆ ಎಂಬ ವಿಚಿತ್ರವೂ ಗೊತ್ತಿತ್ತು. ಯಾಕೆಂದು ಗೊತ್ತಿರಲಿಲ್ಲ.

ತೆಂಗಿನ ನಾರಿನ ಹಗ್ಗದ ಎರಡು ಎಳೆಗಳನ್ನು ಒಂದು ತುದಿಯಿಂದ ಬಿಡಿಸುತ್ತ ಹೋದವರಿಗೆ ಗೊತ್ತು: ಬಿಡಿಸಿದಷ್ಟೂ ಮುಂದಿನ ಭಾಗದ ಹುರಿ ಬಿಗಿಯಾಗಿ ಗಂಟು ಗಂಟಾಗುತ್ತದೆ. ಡಿಎನ್‌ಎ ನಕಲಾಗುವಾಗ ಆಗುವುದೂ ಇದೇ. ಆ ಬಿಗಿಯನ್ನು ಸಡಿಲಿಸಲು ಟೊಪೊಐಸೊಮರೇಸ್ ಎಂಬ ಕಿಣ್ವಗಳಿವೆ. ಇವುಗಳಲ್ಲಿ ಮೊದಲನೆಯದನ್ನು ಜೇಮ್ಸ್ ವಾಂಗ್ ಬ್ಯಾಕ್ಟೀರಿಯಾದಲ್ಲಿ ಕಂಡದ್ದು 1971ರಲ್ಲಿ. ನಮ್ಮ ಜೀವಕೋಶದ ಒಂದನೆಯ ಟೊಪೊಐಸೊಮರೇಸ್ ಒಂದು ಎಳೆಯನ್ನು ಮಾತ್ರ ಕತ್ತರಿಸಿ, ಕತ್ತರಿಸಿದ ತುದಿಯನ್ನು ತಾನೇ ಹಿಡಿದುಕೊಂಡು, ಹಗ್ಗ ಸುತ್ತಿ ಸಡಿಲವಾಗಲು ಬಿಟ್ಟು, ಮತ್ತೆ ಬೆಸೆಯುತ್ತದೆ. 1985ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಲೆರಾಯ್ ಲಿಯು ಮತ್ತು ಸಂಗಡಿಗರು ತೋರಿಸಿದ್ದು ಇಷ್ಟು: ಕ್ಯಾಂಪ್ಟೊಥೆಸಿನ್ ಈ ಕತ್ತರಿಸುವಿಕೆ ಮತ್ತು ಬೆಸುಗೆಯ ನಡುವಿನ ಗಳಿಗೆಯಲ್ಲಿ ಸಂದಿಗೆ ಹೊಕ್ಕು ಕೂರುತ್ತದೆ, ಬೆಸುಗೆ ನಿಲ್ಲುತ್ತದೆ. ನಕಲು ಮಾಡುತ್ತ ಬರುವ ಯಂತ್ರ ಅಲ್ಲಿಗೆ ಬಂದು ಡಿಕ್ಕಿ ಹೊಡೆದಾಗ ಎರಡೂ ಎಳೆ ಹರಿಯುತ್ತವೆ. ಆದ್ದರಿಂದ ಮದ್ದು ಹೊಡೆಯುವುದು ಮುಖ್ಯವಾಗಿ ವಿಭಜನೆಗೆ ಅಣಿಯಾಗಿ ಡಿಎನ್‌ಎ ನಕಲು ಮಾಡುತ್ತಿರುವ ಕೋಶಗಳನ್ನು. ಕ್ಯಾನ್ಸರ್ ಕೋಶಗಳೂ ಹಾಗೆಯೇ, ದುರದೃಷ್ಟಕ್ಕೆ ಅಸ್ಥಿಮಜ್ಜೆಯ ಮತ್ತು ಕರುಳಿನ ಒಳಪದರದ ಕೋಶಗಳೂ ಹಾಗೆಯೇ.

ಇಲ್ಲೊಂದು ಸೂಕ್ಷ್ಮವಿದೆ. ಮದ್ದು ಕಿಣ್ವವನ್ನು ಸುಮ್ಮನೆ ನಿಲ್ಲಿಸುವುದಾಗಿದ್ದರೆ, ಕಿಣ್ವವೇ ಇಲ್ಲದ ಕೋಶಕ್ಕೂ ಅಷ್ಟೇ ಹಾನಿಯಾಗಬೇಕಿತ್ತು. 1988ರಲ್ಲಿ ಈ ಕಿಣ್ವವನ್ನು ತೆಗೆದುಹಾಕಿದ ಯೀಸ್ಟಿಗೆ ಕ್ಯಾಂಪ್ಟೊಥೆಸಿನ್ ಕೊಟ್ಟಾಗ ಅದು ಏನೂ ಆಗದೆ ಬೆಳೆಯಿತು. ಅಂದರೆ ಇದು ಕಿಣ್ವವನ್ನು ಕಸಿದುಕೊಳ್ಳುವ ಮದ್ದಲ್ಲ, ಕಿಣ್ವವನ್ನೇ ವಿಷ ಮಾಡುವ ಮದ್ದು. ಹಾಗಾದರೆ ಮೈಯೆಲ್ಲ ಈ ವಿಷ ತುಂಬಿಕೊಂಡ ಮರ ಬದುಕುವುದು ಹೇಗೆ? ಉತ್ತರ 2008ರಲ್ಲಿ ಜಪಾನಿನಿಂದ ಬಂತು. ಮರದ ಕಿಣ್ವದಲ್ಲಿ ಮದ್ದು ಕೂರುವ ಜಾಗದ ಅಮೈನೋ ಆಮ್ಲವೊಂದು ಬದಲಾಗಿದೆ. ಮದ್ದಿಗೆ ಒಗ್ಗದ ಮಾನವ ಕ್ಯಾನ್ಸರ್ ಕೋಶಗಳಲ್ಲಿ ಕಂಡಿದ್ದೂ ಅದೇ ಬದಲಾವಣೆ. ಮರವೂ ಗಡ್ಡೆಯೂ ಒಂದೇ ಉಪಾಯ ಕಂಡುಕೊಂಡಿದ್ದವು.

ಗುರಿ ಗೊತ್ತಾದ ಮೇಲೆ ಔಷಧ ಹುಟ್ಟಿತು ಎಂಬ ಜನಪ್ರಿಯ ಕ್ರಮ ಕ್ಯಾಂಪ್ಟೊಥೆಸಿನ್ ವಂಶದ ಟೊಪೊಟೆಕಾನ್ ವಿಷಯದಲ್ಲಿ ಹೆಚ್ಚುಕಡಿಮೆ ಸರಿ. ಸ್ಮಿತ್‌ಕ್ಲೈನ್‌ನವರು ಲಿಯು ಅವರ ಶೋಧದ ಬೆನ್ನಲ್ಲೇ ಕೆಲಸ ಹಿಡಿದರು. 1996ರ ಮೇ ತಿಂಗಳಲ್ಲಿ ಅಂಡಾಶಯದ ಕ್ಯಾನ್ಸರಿಗೆ ಅದಕ್ಕೆ ಅಮೆರಿಕದ ಅನುಮತಿ ಬಂತು. ಆದರೆ ಇರಿನೊಟೆಕಾನ್ ವಿಷಯದಲ್ಲಿ ಕ್ರಮ ತಿರುಗುಮುರುಗು. ಜಪಾನಿನ ಯಾಕುಲ್ಟ್ ಕಂಪನಿ ಅದನ್ನು ತಯಾರಿಸಿದ್ದು 1983ರಲ್ಲಿ, ಗುರಿ ಪತ್ತೆಯಾಗುವ ಎರಡು ವರ್ಷ ಮುಂಚೆ. ನಮ್ಮ ಅಂಗಡಿಗಳಲ್ಲೂ ಪುಟ್ಟ ಬಾಟಲಿಯಲ್ಲಿ ಸಿಗುವ ಹುದುಗಿಸಿದ ಹಾಲಿನ ಕಂಪನಿಯೇ ಇದು. ಅವರ ಯೋಚನೆ ಹಳೆಯ ಸಮಸ್ಯೆಗೆ ಹೊಸ ಉಪಾಯ: ಐದನೆಯ ಉಂಗುರವನ್ನು ಮುಟ್ಟದೆ, ಆಚೆ ತುದಿಯ ಉಂಗುರಕ್ಕೆ ನೀರಿನಲ್ಲಿ ಕರಗುವ ಬಾಲವೊಂದನ್ನು ಜೋಡಿಸುವುದು. ದೇಹದೊಳಗೆ ಕಾರ್ಬಾಕ್ಸಿಲೆಸ್ಟರೇಸ್ ಕಿಣ್ವ ಆ ಬಾಲವನ್ನು ಕತ್ತರಿಸಿದಾಗ ಎಸ್‌ಎನ್-38 ಎಂಬ ನಿಜವಾದ ಮದ್ದು ಹೊರಬರುತ್ತದೆ. ಅದರ ಬಲ ಇರಿನೊಟೆಕಾನ್‌ಗಿಂತ ನೂರು ಪಟ್ಟಿಗೂ ಮೀರಿದ್ದು. ಇಲ್ಲಿಯೂ ಸಿರಿಂಜಿನಲ್ಲಿರುವುದೊಂದು, ಗಡ್ಡೆಗೆ ಮುಟ್ಟುವುದೊಂದು. ವ್ಯತ್ಯಾಸವೆಂದರೆ ಈ ಬಾರಿ ಅದು ಬೇಕೆಂದೇ ಮಾಡಿದ್ದು.

1994ರಲ್ಲಿ ಜಪಾನ್, 1996ರ ಜೂನ್‌ನಲ್ಲಿ ಅಮೆರಿಕ ಅನುಮತಿ ಕೊಟ್ಟವು. ಆದರೆ ಅನುಮತಿಗಿಂತ ಹೆಚ್ಚು ತೂಕದ ಸಾಕ್ಷ್ಯ ಬಂದದ್ದು 1998ರಲ್ಲಿ. ಹಳೆಯ ಮದ್ದು ಕೈಕೊಟ್ಟ, ಹರಡಿದ ದೊಡ್ಡ ಕರುಳಿನ ಕ್ಯಾನ್ಸರಿನ 279 ರೋಗಿಗಳನ್ನು ಕನ್ನಿಂಗ್‌ಹ್ಯಾಮ್ ತಂಡ ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿತು. ಒಂದು ಪಾಲಿಗೆ ಇರಿನೊಟೆಕಾನ್ ಮತ್ತು ಆರೈಕೆ, ಇನ್ನೊಂದಕ್ಕೆ ಆರೈಕೆ ಮಾತ್ರ. ಒಂದು ವರ್ಷದ ಹೊತ್ತಿಗೆ ಬದುಕಿದ್ದವರು ಮೊದಲ ಪಾಲಿನಲ್ಲಿ ನೂರಕ್ಕೆ 36.2, ಎರಡನೆಯದರಲ್ಲಿ 13.8. ಕ್ಯಾನ್ಸರ್ ಔಷಧಗಳ ಸಾಧನೆಯನ್ನು ಗಡ್ಡೆ ಎಷ್ಟು ಕುಗ್ಗಿತು ಎಂಬುದರಿಂದ ಅಳೆಯುವುದು ವಾಡಿಕೆ. ಇಲ್ಲಿ ಅಳತೆ ಬದುಕಿನದು. ಆ ಕಾರಣಕ್ಕೆ ಈ ಪ್ರಯೋಗ ನನ್ನ ದೃಷ್ಟಿಯಲ್ಲಿ ಮಿಕ್ಕವಕ್ಕಿಂತ ಮೇಲು.

ಭೇದಿ ಮಾತ್ರ ಬೆನ್ನು ಬಿಡಲಿಲ್ಲ. ಮದ್ದು ಹನಿಸುವಾಗಲೇ ಕಾಡುವ ಭೇದಿ ಬೇರೆ, ಅದಕ್ಕೆ ಅಟ್ರೊಪಿನ್ ಸಾಕು. ಕೆಲವು ದಿನ ಕಳೆದು ಬರುವುದು ಪ್ರಾಣಕ್ಕೆ ಎರವಾಗಬಲ್ಲದು. ಯಕೃತ್ತಿನಲ್ಲಿ ಯುಜಿಟಿ1ಎ1 ಎಂಬ ಕಿಣ್ವ ಎಸ್‌ಎನ್-38ಕ್ಕೆ ಸಕ್ಕರೆಯ ಜಾತಿಯ ಆಮ್ಲವೊಂದನ್ನು ಅಂಟಿಸಿ, ವಿಷ ಇಳಿಸಿ, ಪಿತ್ತದ ಜೊತೆ ಕರುಳಿಗೆ ಕಳಿಸುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಆ ಅಂಟನ್ನು ಕಿತ್ತು ತಿನ್ನುತ್ತವೆ, ವಿಷ ಮತ್ತೆ ಬಿಡುಗಡೆಯಾಗುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳನ್ನು ಬಾಟಲಿಯಲ್ಲಿ ತುಂಬಿ ಮಾರುವ ಕಂಪನಿ ತಯಾರಿಸಿದ ಮದ್ದಿಗೆ ಕರುಳಿನ ಬ್ಯಾಕ್ಟೀರಿಯಾಗಳೇ ಅಡ್ಡ ನಿಂತದ್ದನ್ನು ಯಾವ ಕಥೆಗಾರನೂ ಕಟ್ಟಿ ಬರೆಯಲಾರ. ಇನ್ನು, ಆ ಯಕೃತ್ತಿನ ಕಿಣ್ವವನ್ನೇ ಹುಟ್ಟಿನಿಂದ ಕಡಿಮೆ ತಯಾರಿಸುವವರಿದ್ದಾರೆ. ಕಣ್ಣು ಆಗಾಗ ತುಸು ಹಳದಿಯಾಗುವುದನ್ನು ಬಿಟ್ಟರೆ ಅವರಿಗೆ ಬೇರೆ ತೊಂದರೆಯೇ ಕಾಣದು. ಇರಿನೊಟೆಕಾನ್ ಕೊಟ್ಟಾಗ ಮಾತ್ರ ಅವರ ಬಿಳಿಯ ರಕ್ತಕಣಗಳು ಅಪಾಯದ ಮಟ್ಟಕ್ಕೆ ಇಳಿಯುತ್ತವೆ. 2005ರಲ್ಲಿ ಅಮೆರಿಕದಲ್ಲಿ ಔಷಧದ ಜೊತೆಯ ಸೂಚನೆಯಲ್ಲಿ ಈ ವಂಶವಾಹಿ ಎಚ್ಚರಿಕೆ ಸೇರಿತು. ಇಲಿಯಿಂದ ಮನುಷ್ಯನಿಗೆ ಬಂದರೆ ಸಾಲದು, ಯಾವ ಮನುಷ್ಯನಿಗೆ ಎಂಬ ಪ್ರಶ್ನೆ ಉಳಿದೇ ಇತ್ತು.

ನಮ್ಮ ಕಾಡಿನ ಮಾತು ಇಲ್ಲಿ ಬರಲೇಬೇಕು. 1972ರಲ್ಲಿ, ಅಮೆರಿಕದಲ್ಲಿ ಪ್ರಯೋಗಗಳು ನಿಲ್ಲುತ್ತಿದ್ದ ವರ್ಷವೇ, ಮುಂಬಯಿಯ ಸಿಬಾ ಸಂಶೋಧನ ಕೇಂದ್ರದ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಪಶ್ಚಿಮ ಘಟ್ಟದ ಮರವೊಂದರಲ್ಲಿ ಕ್ಯಾಂಪ್ಟೊಥೆಸಿನ್ ಇದೆಯೆಂದು ಪ್ರಕಟಿಸಿದರು. ಆಗ ಅದನ್ನು ಮ್ಯಾಪಿಯಾ ಫೀಟಿಡಾ ಎನ್ನುತ್ತಿದ್ದರು. ಈಗಿನ ಹೆಸರು ನೊಥಾಪೊಡೈಟಿಸ್ ನಿಮ್ಮೋನಿಯಾನಾ. ಹೂವಿನ ಕೆಟ್ಟ ವಾಸನೆಯಿಂದ ನಮ್ಮಲ್ಲಿ ದುರ್ವಾಸನೆ ಮರ ಎಂಬ ಹೆಸರಿದೆ. ಚೀನಾದ ಮರಕ್ಕಿಂತ ಇದರಲ್ಲಿ ಮದ್ದು ಹೆಚ್ಚು. ಕೆಲಸಕ್ಕೆ ಬಾರದ ಮದ್ದೆಂದು ಜಗತ್ತು ಭಾವಿಸಿದ್ದಷ್ಟು ಕಾಲ ಮರ ಸುಖವಾಗಿತ್ತು. ಇರಿನೊಟೆಕಾನ್ ಗೆದ್ದಮೇಲೆ ಕೊಡಲಿ ಬಂತು. ಬೇರಿನ ಒಳತೊಗಟೆಯಲ್ಲಿ ಅಂಶ ಹೆಚ್ಚಿರುವುದರಿಂದ ಬುಡಸಮೇತ ಕಿತ್ತರೆ ಲಾಭ ಹೆಚ್ಚು. ಅದೇ ಮರಕ್ಕೆ ಮಾರಕ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಅವರ ತಂಡ ಘಟ್ಟದ ಬೇರೆ ಬೇರೆ ಕಡೆಯ ಮರಗಳಲ್ಲಿ ಅಂಶ ಎಷ್ಟಿದೆ, ಎಲ್ಲಿನ ಮರಗಳನ್ನು ಉಳಿಸಿ ಬೆಳೆಸಬೇಕು ಎಂದು ವರ್ಷಗಟ್ಟಲೆ ಅಳೆದಿದೆ. ಮರದೊಳಗೆ ವಾಸಿಸುವ ಶಿಲೀಂಧ್ರಗಳೇ ಈ ಮದ್ದನ್ನು ತಯಾರಿಸುತ್ತವೆ, ಹಾಗಾಗಿ ಪಾತ್ರೆಯಲ್ಲಿ ಬೆಳೆಸಬಹುದು ಎಂಬ ವರದಿ 2005ರಲ್ಲಿ ಜಮ್ಮುವಿನಿಂದ ಬಂದಾಗ ಬಹಳ ಸದ್ದಾಯಿತು. ಮರದಿಂದ ಬೇರ್ಪಡಿಸಿ ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿದರೆ ಶಿಲೀಂಧ್ರದ ಉತ್ಪಾದನೆ ಸೊರಗುತ್ತ ಹೋಗುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ತವರು ಬಿಟ್ಟ ಮೇಲೆ ಕಸುಬು ಮರೆತಂತೆ.

ಈಚಿನ ಅಧ್ಯಾಯದಲ್ಲಿ ಕರಗುವ ಸಮಸ್ಯೆಯನ್ನೂ, ರಕ್ತದಲ್ಲಿ ಸಾಗುವಾಗ ಹಾದಿ ತಪ್ಪುವ ಸಮಸ್ಯೆಯನ್ನೂ ಬೇರೆ ಬಗೆಯಲ್ಲಿ ಬಿಡಿಸಲಾಗಿದೆ. ಸ್ತನ ಕ್ಯಾನ್ಸರಿನ ಹರ್-2 ಗುರುತನ್ನು ಹುಡುಕಿ ಹೋಗುವ ಟ್ರಾಸ್ಟುಜುಮ್ಯಾಬ್ ಎಂಬ ಪ್ರತಿಕಾಯಕ್ಕೆ ಕ್ಯಾಂಪ್ಟೊಥೆಸಿನ್ ವಂಶದ ಸುಮಾರು ಎಂಟು ಅಣುಗಳನ್ನು ಕಟ್ಟಿ ಕಳಿಸುತ್ತಾರೆ; ಹೀಗೆ ಕಟ್ಟಿದ್ದರ ಹೆಸರು ಡೆರಕ್ಸ್‌ಟೆಕಾನ್. ಪ್ರತಿಕಾಯ ಕ್ಯಾನ್ಸರ್ ಕೋಶದ ಒಳಹೊಕ್ಕ ಮೇಲೆ ಕಟ್ಟು ಬಿಚ್ಚುತ್ತದೆ. ಹಿಂದಿನ ಚಿಕಿತ್ಸೆಗಳು ಸೋತಿದ್ದ 184 ಮಹಿಳೆಯರಲ್ಲಿ ನೂರಕ್ಕೆ 60.9 ಮಂದಿಯ ಗಡ್ಡೆ ಗಣನೀಯವಾಗಿ ಕುಗ್ಗಿತು. 2019ರ ಡಿಸೆಂಬರ್‌ನಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಅದೇ ಪ್ರಯೋಗದಲ್ಲಿ ನೂರಕ್ಕೆ 13.6 ಮಂದಿಗೆ ಶ್ವಾಸಕೋಶದ ಉರಿಯೂತ ಬಂತು, ನಾಲ್ವರು ಅದರಿಂದ ತೀರಿಕೊಂಡರು. ಮೊದಲ ಅಂಕಿಯ ಪಕ್ಕದಲ್ಲಿ ಎರಡನೆಯದನ್ನು ಬರೆಯದೆ ಬಿಡುವ ಲೇಖನಗಳನ್ನು ನಾನು ನಂಬುವುದಿಲ್ಲ. ಎಸ್‌ಎನ್-38ನ್ನೇ ಇನ್ನೊಂದು ಪ್ರತಿಕಾಯಕ್ಕೆ ಕಟ್ಟಿದ ಸಾಸಿಟುಜುಮ್ಯಾಬ್ ಗೊವಿಟೆಕಾನ್ 2020ರ ಏಪ್ರಿಲ್‌ನಲ್ಲಿ ಬಂತು.

ಟ್ರಾಸ್ಟುಜುಮ್ಯಾಬ್ ಹೊತ್ತೊಯ್ಯುವ ಅಣುವಿಗೆ ಐದಲ್ಲ, ಆರು ಉಂಗುರ. ಅದನ್ನು ಬುಡದಿಂದ ಪ್ರಯೋಗಾಲಯದಲ್ಲೇ ಕಟ್ಟುತ್ತಾರೆ, ಮರ ಬೇಕಿಲ್ಲ. ಕೊಂಡಿಯಿರುವ ಲ್ಯಾಕ್ಟೋನ್ ಉಂಗುರ ಮಾತ್ರ ಹಾಗೆಯೇ ಇದೆ. ಅದನ್ನು ಬಿಟ್ಟರೆ ಮದ್ದೇ ಇಲ್ಲ. ಔಷಧಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಈ ವಂಶದ ಎಲ್ಲದರ ಹೆಸರಿನ ಕೊನೆಗೂ 'ಟೆಕಾನ್' ಎಂದು ಬರುತ್ತದೆ: ಟೊಪೊಟೆಕಾನ್, ಇರಿನೊಟೆಕಾನ್, ಡೆರಕ್ಸ್‌ಟೆಕಾನ್. ಕ್ಯಾಂಪ್ಟೊಥೆಕಾ ಎಂಬುದು ಬಾಗಿದ ಕೋಶ ಎಂಬರ್ಥದ ಗ್ರೀಕ್ ಪದಗಳಿಂದ ಬಂದದ್ದು. ಮರದ ಹೂವಿನ ಪರಾಗಕೋಶಗಳು ಬಾಗಿರುವುದನ್ನು ಕಂಡು ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು. ಚೀಕೋದ ತೋಟದ ಆ ಮರದ್ದು ಈಗಿನ ಬಾಟಲಿಗಳ ಮೇಲೆ ಉಳಿದಿರುವುದು ಈ ಮೂರಕ್ಷರದ ಬಾಲ.